ನೀಲಿ ಬಿಲ್ಲೆಯ ಮೇಲೆ ಗೀಟು

ಕಪ್ಪು ಹಲಗೆಯ ಮುಂದೆ ಐದು ಸೆಕೆಂಡು. ಬಿಳಿ ಹಲಗೆಯ ಮುಂದೆ ಐದು ಸೆಕೆಂಡು. ಒಂದು ಸಲಕ್ಕೆ ಎರಡು ಸೀಸೆ. ತಲೆಕೆಳಗು ಮಾಡಬೇಕು, ಮೆಲ್ಲಗೆ ತಿರುಗಿಸಬೇಕು, ನೆಟ್ಟಗೆ ಹಿಡಿಯಬೇಕು, ನೋಡಬೇಕು. ಒಳಗಿನ ಔಷಧದಲ್ಲಿ ಎಳೆ, ಚುಕ್ಕೆ, ಚೂರು ಏನಾದರೂ ತೇಲಿದರೆ ಎಡಗಡೆಯ ಕೆಂಪು ಟ್ರೇಗೆ. ಏನೂ ಕಾಣದಿದ್ದರೆ ಬಲಗಡೆಯ ಬಿಳಿ ಟ್ರೇಗೆ. ಮತ್ತೆ ಎರಡು.

ಇದು ನನ್ನ ಚಿಕ್ಕಮ್ಮನ ಕೆಲಸ. ಚುಚ್ಚುಮದ್ದು ತಯಾರಿಸುವ ಕಾರ್ಖಾನೆ. ಸೀಸೆ ತೊಳೆಯುವುದು ಯಂತ್ರ, ತುಂಬುವುದು ಯಂತ್ರ, ಮುಚ್ಚಳ ಬಿಗಿಯುವುದು ಯಂತ್ರ. ನೋಡುವುದಕ್ಕೆ ಮಾತ್ರ ಯಂತ್ರ ತರಲಿಲ್ಲ. ಹೆಂಗಸರ ಕಣ್ಣು ಅದಕ್ಕಿಂತ ಅಗ್ಗವಾಗಿತ್ತು.

ಕಿಟಕಿಯಿಲ್ಲದ ಕೋಣೆ. ಆರು ಮೇಜು, ಆರು ಹೆಂಗಸರು. ಮೂರನೇ ಮೇಜು ಚಿಕ್ಕಮ್ಮನದು, ಒಂಬತ್ತು ವರ್ಷದಿಂದ. ಹಣೆಯಿಂದ ಗೇಣುದ್ದ ಮೇಲೆ ಟ್ಯೂಬ್‌ಲೈಟು. ಕಣ್ಣಲ್ಲಿ ನೀರು ಬಂದರೆ ಭುಜಕ್ಕೆ ಒರೆಸಿಕೊಳ್ಳಬೇಕು, ಯಾಕೆಂದರೆ ಎರಡೂ ಕೈಯಲ್ಲಿ ಸೀಸೆ ಇರುತ್ತದೆ. ಹೊರಗೆ ಹೋಗಬೇಕಾದರೆ ಟೋಪಿ, ಮಾಸ್ಕ್, ಗೌನು, ಕಾಲ್ಚೀಲ ಕಳಚಬೇಕು. ಒಳಗೆ ಬರುವಾಗ ಕೈ ತೊಳೆದು ಮತ್ತೆ ಎಲ್ಲ ತೊಡಬೇಕು. ಇಪ್ಪತ್ತು ನಿಮಿಷ ಹಾಳು. ಅದಕ್ಕೇ ಆರು ಜನರಲ್ಲಿ ಯಾರೂ ಮಧ್ಯಾಹ್ನದವರೆಗೆ ನೀರು ಕುಡಿಯುತ್ತಿರಲಿಲ್ಲ. ಚಿಕ್ಕಮ್ಮನಿಗೆ ಮೂತ್ರದ ಉರಿ ಬಂದು ಬಂದು ಅದು ಕಾಯಿಲೆ ಅನ್ನುವುದೇ ಮರೆತುಹೋಗಿತ್ತು.

ಗಂಟೆಗೊಮ್ಮೆ ಹತ್ತು ನಿಮಿಷ ಕಣ್ಣಿಗೆ ವಿಶ್ರಾಂತಿ ಕೊಡಬೇಕು ಎಂದು ನಿಯಮವಿದೆ. ರಿಜಿಸ್ಟರಿನಲ್ಲಿ ಕೊಡುತ್ತಿದ್ದರು. ಬೆಳಿಗ್ಗೆ ಒಳಗೆ ಬರುತ್ತಿದ್ದ ಹಾಗೆ ಮೇಲ್ವಿಚಾರಕ ಆ ದಿನದ ಏಳು ವಿಶ್ರಾಂತಿಗೂ ಒಟ್ಟಿಗೆ ಸಹಿ ಹಾಕಿಸಿಕೊಳ್ಳುತ್ತಿದ್ದ. ಅವನಿಗೆ ಹೆಂಗಸರು ಇಟ್ಟ ಹೆಸರು ಗಡಿಯಾರ. ಬೆನ್ನ ಹಿಂದೆ ನಿಂತು ಮಣಿಕಟ್ಟು ನೋಡಿಕೊಳ್ಳುವುದೇ ಅವನ ಉದ್ಯೋಗ. ತಲೆಗೆ ದಿನಕ್ಕೆ ಐದು ಸಾವಿರ ಸೀಸೆ ಗುರಿ. ಒಂದು ದಿನ ನಾನು ಸುಮ್ಮನೆ ಲೆಕ್ಕ ಹಾಕಿ ನೋಡಿದೆ. ಹತ್ತು ಸೆಕೆಂಡಿಗೆ ಎರಡು ಅಂದರೆ ನಿಮಿಷಕ್ಕೆ ಹನ್ನೆರಡು. ಏಳು ಗಂಟೆ ತಲೆಯೆತ್ತದೆ ಕೂತರೆ ಐದು ಸಾವಿರದ ನಲವತ್ತು. ವಿಶ್ರಾಂತಿ ತೆಗೆದುಕೊಂಡರೆ ನಾಲ್ಕು ಸಾವಿರದ ಇನ್ನೂರು. ಗುರಿ ಮುಟ್ಟಿದ್ದು ನಿಜವಾದರೆ ವಿಶ್ರಾಂತಿ ಸುಳ್ಳು. ಎರಡೂ ಒಂದೇ ಪುಟದಲ್ಲಿರುತ್ತಿದ್ದವು. ಪುಟದ ಕೆಳಗೆ ‘ಪರಿಶೀಲಿಸಲಾಗಿದೆ’ ಎಂಬ ಸಹಿ ನನ್ನದು.

ನಾನು ಅದೇ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಕೆಮಿಸ್ಟ್. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿಸಿದವಳು ಚಿಕ್ಕಮ್ಮ. ಅವಳ ಕಣ್ಣು ಸವೆದಷ್ಟೂ ನನ್ನ ಓದು ಮುಂದೆ ಹೋಯಿತು. ನಾನು ಬಿಳಿ ಕೋಟು ಹಾಕಿಕೊಂಡು ಅವಳ ಕೋಣೆಗೆ ಮೊದಲ ಸಲ ಹೋದಾಗ ಅವಳು ತಲೆ ಎತ್ತಲಿಲ್ಲ. ಎತ್ತಿದ್ದರೆ ಎರಡು ಸೀಸೆ ಕಡಿಮೆಯಾಗುತ್ತಿದ್ದವು.

ವರ್ಷಕ್ಕೊಮ್ಮೆ ಈ ಹೆಂಗಸರಿಗೆ ಪರೀಕ್ಷೆ. ಅದರ ಪೆಟ್ಟಿಗೆ ತಯಾರಿಸುವವಳು ನಾನು. ನೂರು ಸೀಸೆ. ತೊಂಬತ್ತು ಒಳ್ಳೆಯವು, ಯಂತ್ರದಿಂದ ಬಂದ ಹಾಗೇ. ಹತ್ತರ ಮುಚ್ಚಳ ತೆಗೆದು ಒಂದಕ್ಕೆ ಹತ್ತಿಯ ಎಳೆ, ಒಂದಕ್ಕೆ ರಬ್ಬರಿನ ಚೂರು, ಒಂದಕ್ಕೆ ಗಾಜಿನ ಹರಳು, ಹೀಗೆ ಚಿಮಟದಿಂದ ಹಾಕಿ, ಹೊಸ ಮುಚ್ಚಳ ಇಟ್ಟು ಕೈ ಇಕ್ಕಳದಲ್ಲಿ ಬಿಗಿಯುತ್ತಿದ್ದೆ. ಯಾವುದು ಯಾವುದೆಂದು ತಿಳಿಯಲು ತಳದಲ್ಲಿ ಬರಿಗಣ್ಣಿಗೆ ಕಾಣದ ಶಾಯಿಯಲ್ಲಿ ಸಂಖ್ಯೆ. ನೀಲಿ ದೀಪ ಹಿಡಿದರೆ ಮಾತ್ರ ಕಾಣುತ್ತದೆ. ಹತ್ತನ್ನೂ ಹುಡುಕಿದವರು ಪಾಸು. ಆರು ಹೆಂಗಸರೂ ಪ್ರತಿ ವರ್ಷ ಪಾಸು. ಆ ಪೆಟ್ಟಿಗೆಯ ಬಗ್ಗೆ ನನಗೆ ಹೆಮ್ಮೆಯಿತ್ತು. ಹೆಮ್ಮೆ ಯಾವುದರ ಬಗ್ಗೆ ಇತ್ತು ಎಂದು ಆಮೇಲೆ ಗೊತ್ತಾಯಿತು.

ಒಂದು ದಿನ ಆಸ್ಪತ್ರೆಯೊಂದರಿಂದ ಪಾರ್ಸಲ್ ಬಂತು. ಹತ್ತಿಯಲ್ಲಿ ಸುತ್ತಿದ ಒಂದು ಸೀಸೆ, ತೆರೆಯದ್ದು. ಜೊತೆಗೆ ಕೈಬರಹದ ಕಾಗದ. ಎಳೆಗೂಸುಗಳ ವಾರ್ಡಿನ ನರ್ಸ್ ಬರೆದದ್ದು.

‘ಸೀಸೆ ತಿರುಗಿಸಿದಾಗ ಒಳಗೆ ಮಿನುಗುವ ಪದರಗಳು ಕಾಣುತ್ತಿವೆ. ಇದನ್ನು ನೋಡುವುದಕ್ಕೆ ಮುಂಚೆ ಇದೇ ಪೆಟ್ಟಿಗೆಯ ಮದ್ದನ್ನು ಎರಡು ಮಕ್ಕಳ ರಕ್ತನಾಳಕ್ಕೆ ಕೊಟ್ಟಿದ್ದೇನೆ. ಒಂದು ಮಗುವಿನ ಕೈ ಊದಿಕೊಂಡು ಕಪ್ಪಗಾಗಿದೆ. ನಾನು ಕೊಟ್ಟದ್ದು ಏನು ಎಂದು ದಯವಿಟ್ಟು ತಿಳಿಸಿ.’

ಗುಣಮಟ್ಟ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಸಾರ್ ಎನ್ನುತ್ತಿದ್ದರು. ಕಾಗದ ಓದಿದರು. ಸೀಸೆಯನ್ನು ಮುಟ್ಟಲಿಲ್ಲ.

“ಮೊದಲು ಉತ್ತರ ಕಳಿಸೋಣ. ಬರ್ಕೋ.”

“ಟೆಸ್ಟ್ ಮಾಡಿ ಬರೀಬೇಕಲ್ವಾ ಸಾರ್?”

“ಉತ್ತರ ತಡವಾದ್ರೆ ಅನುಮಾನ ಬರುತ್ತೆ. ಟೆಸ್ಟ್ ತಡವಾದ್ರೆ ಯಾರಿಗೆ ಗೊತ್ತಾಗುತ್ತೆ? ಬರ್ಕೋ.”

ನಾನು ಬರೆದುಕೊಂಡೆ. ನಿಮ್ಮ ಕಾಳಜಿಗೆ ಧನ್ಯವಾದ. ಸೀಸೆಯನ್ನು ಪರೀಕ್ಷಿಸಲಾಗಿದೆ. ಮಾನದಂಡಕ್ಕೆ ಅನುಗುಣವಾಗಿದೆ. ಬೆಳಕಿನ ಪ್ರತಿಫಲನದಿಂದ ಇಂಥ ಭ್ರಮೆ ಉಂಟಾಗುವ ಸಾಧ್ಯತೆ ಇದೆ. ಅವರು ಹೇಳಿದ್ದರಲ್ಲಿ ಎರಡು ಕಡೆ ವಾಕ್ಯ ಸರಿಯಿರಲಿಲ್ಲ. ತಿದ್ದಿದೆ.

ಆಮೇಲೆ ಸೀಸೆ ತೆರೆದೆ. ಅಲ್ಯೂಮಿನಿಯಂ ಮುಚ್ಚಳದ ಮೇಲೆ ನೀಲಿ ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ. ಹೆಬ್ಬೆರಳಿನಿಂದ ಮೀಟಿದರೆ ಚಟ್ಟನೆ ಕಳಚಿಕೊಳ್ಳುತ್ತದೆ. ಮೀಟುವ ಮುಂಚೆ ಅದರ ಅಂಚಿನಲ್ಲಿ ಎರಡು ಸಣ್ಣ ಗೀಟು ಕಂಡವು. ಪಕ್ಕಪಕ್ಕದಲ್ಲಿ, ಒಂದೇ ಉದ್ದ. ಸಾಗಣೆಯಲ್ಲಿ ತರಚಿದ್ದರೆ ಇಷ್ಟು ನೀಟಾಗಿ ತರಚುವುದಿಲ್ಲ. ಬಿಲ್ಲೆಯನ್ನು ಕಸದ ಬುಟ್ಟಿಗೆ ಹಾಕಲಿಲ್ಲ. ಕೋಟಿನ ಜೇಬಿಗೆ ಹಾಕಿಕೊಂಡೆ.

ಔಷಧವನ್ನು ಸೋಸಿ, ಸೋಸುಕಾಗದವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಗಾಜು. ಚೂರಲ್ಲ, ಸಿಪ್ಪೆ. ಈರುಳ್ಳಿಯ ಒಳಪೊರೆಯಷ್ಟು ತೆಳುವಾದ ಗಾಜಿನ ಸಿಪ್ಪೆ. ಎಣಿಸುತ್ತ ಹೋಗಿ ಇನ್ನೂರಕ್ಕೆ ನಿಲ್ಲಿಸಿದೆ. ಎಂಟು ತಿಂಗಳ ಹಿಂದೆ ಕಂಪನಿ ಬೇರೆ ಕಡೆಯಿಂದ ಕಡಿಮೆ ದರದ ಸೀಸೆ ತರಿಸಲು ಶುರು ಮಾಡಿತ್ತು. ಈ ಔಷಧಕ್ಕೆ ಕ್ಷಾರದ ಗುಣವಿದೆ. ಕಳಪೆ ಗಾಜಿನ ಒಳಮೈಯನ್ನು ಅದು ನಿಧಾನವಾಗಿ ತಿನ್ನುತ್ತದೆ. ತಿಂದದ್ದು ಸಿಪ್ಪೆಯಾಗಿ ಏಳುತ್ತದೆ. ಇದು ಕಾಲೇಜಿನ ಎರಡನೇ ವರ್ಷದ ಪಾಠ. ದೊಡ್ಡ ಸಾರ್ ಅದೇ ಪಾಠವನ್ನು ನನಗಿಂತ ದೊಡ್ಡ ಕಾಲೇಜಿನಲ್ಲಿ ಓದಿದವರು.

“ಒಂದೆರಡು ಕಣ ಅಂತ ಬರಿ,” ಎಂದರು.

ಬರೆದೆ.

ಆದರೆ ನರ್ಸ್ ನಮಗಷ್ಟೇ ಬರೆದಿರಲಿಲ್ಲ. ಔಷಧ ನಿಯಂತ್ರಣ ಇಲಾಖೆಗೂ ಬರೆದಿದ್ದಳು. ಹದಿನೈದು ದಿನದ ಮೇಲೆ ಇಲಾಖೆಯಿಂದ ಸೂಚನೆ ಬಂತು. ಸೀಸೆ ನೋಡುವ ಕೆಲಸಗಾರರ ಪರೀಕ್ಷೆಯನ್ನು ಅಧಿಕಾರಿಯೊಬ್ಬರು ಎದುರು ನಿಂತು ನೋಡುತ್ತಾರೆ.

ದೊಡ್ಡ ಸಾರ್ ನನ್ನನ್ನು ಕರೆದು ಕೂರಲು ಹೇಳಿದರು. ಐದು ವರ್ಷದಲ್ಲಿ ಮೊದಲ ಸಲ.

“ಮೂರನೇ ಮೇಜು ನಿಮ್ಮ ಚಿಕ್ಕಮ್ಮ ಅಲ್ವಾ?”

“ಹೌದು ಸಾರ್.”

“ಪಾಪ, ವಯಸ್ಸಾಯ್ತು. ಕಣ್ಣಲ್ಲಿ ಸದಾ ನೀರು ಬರ್ತಿರುತ್ತಂತೆ?”

“ವಿಶ್ರಾಂತಿ ಇಲ್ಲ ಸಾರ್, ಅದಕ್ಕೇ.”

“ರಿಜಿಸ್ಟರಲ್ಲಿ ಇದೆಯಲ್ಲಮ್ಮ. ನೀನೇ ಸಹಿ ಮಾಡಿದ್ದೀಯ.” ನಕ್ಕರು. “ನೋಡು, ದೂರು ಬಂದಿರೋ ಪೆಟ್ಟಿಗೆ ಮೂರನೇ ಮೇಜಿಂದ ಹೋಗಿದ್ದು ಅಂತ ದಾಖಲೆ ಹೇಳುತ್ತೆ. ನಾಡಿದ್ದು ಐದು ಜನ ಪಾಸಾಗ್ತಾರೆ. ಅವರೊಬ್ಬರು ಫೇಲಾದ್ರೆ ಕತೆ ಮುಗೀತು. ಒಬ್ಬರ ಕಣ್ಣಿನ ದೋಷ. ಆ ಮೇಜಿನ ಐದು ಸಾವಿರ ಸೀಸೆ ವಾಪಸ್ ತರಿಸ್ತೀವಿ. ಮಿಕ್ಕಿದ್ದು ಪಾಸಾದವರು ನೋಡಿರೋದು, ಅದಕ್ಕೇನೂ ಆಗಲ್ಲ. ನಿಮ್ಮ ಚಿಕ್ಕಮ್ಮನಿಗೆ ಪ್ಯಾಕಿಂಗಲ್ಲಿ ಕೆಲಸ ಕೊಡ್ತೀವಿ. ಕಣ್ಣಿನ ಆಪರೇಷನ್ನೂ ಮಾಡಿಸೋಣ.”

“ಫೇಲಾಗಬೇಕು ಅಂತ ನಾನು ಹೇಳಬೇಕಾ ಸಾರ್?”

“ನೀನು ಮನೆಯವಳು, ನೀನು ಹೇಳಿದ್ರೆ ಬೇಜಾರಾಗಲ್ಲ. ನಿನ್ನದೂ ಕಾಯಂ ಮಾಡೋ ಫೈಲು ಇಲ್ಲೇ ಇದೆ.” ಮೇಜಿನ ಖಾನೆಯನ್ನು ತಟ್ಟಿ ತೋರಿಸಿದರು.

ಅವತ್ತು ಸಂಜೆ ಚಿಕ್ಕಮ್ಮ ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. ಒದ್ದೆ ಬಟ್ಟೆ ಮಡಚಿ ಕಣ್ಣ ಮೇಲೆ ಇಟ್ಟುಕೊಂಡಿದ್ದಳು. ಕೆಲಸದಿಂದ ಬಂದರೆ ಒಂದು ಗಂಟೆ ಹೀಗೇ. ನಾನು ಟೀ ಮಾಡುತ್ತ ಎಲ್ಲ ಹೇಳಿದೆ. ನರ್ಸಿನ ಕಾಗದ, ಊದಿದ ಕೈ, ನಾನು ಬರೆದ ಉತ್ತರ, ದೊಡ್ಡ ಸಾರ್ ಹೇಳಿದ್ದು. ಅವಳು ಬಟ್ಟೆ ತೆಗೆಯಲಿಲ್ಲ.

“ಗಾಜಿನ ಸಿಪ್ಪೆನಾ?”

“ಹೂಂ.”

“ನಾವು ಅದಕ್ಕೆ ಮೀನಿನ ಹುರುಪೆ ಅಂತೀವಿ. ಕಪ್ಪಿನ ಮುಂದೆ ತಿರುಗಿಸಿದ್ರೆ ಮಿಂಚಿ ಮಾಯ ಆಗುತ್ತೆ. ಬಿಳಿ ಮುಂದೆ ಕಾಣೋದೇ ಇಲ್ಲ. ಎಂಟು ತಿಂಗಳಿಂದ ನೋಡ್ತಿದೀನಿ.”

ನಾನು ಲೋಟ ಕೆಳಗಿಟ್ಟೆ. “ನೋಡಿ ಏನು ಮಾಡಿದೆ?”

“ಏನು ಮಾಡ್ತಾರೆ? ಕೆಂಪು ಟ್ರೇಗೆ ಹಾಕ್ದೆ. ಒಂದು ದಿನ ನಾನೂರು ಹಾಕ್ದೆ. ನೂರಕ್ಕಿಂತ ಜಾಸ್ತಿ ಹಾಕಂಗಿಲ್ಲ ಅಂತ ಗಡಿಯಾರ ಎಲ್ಲರ ಮುಂದೆ ಉಗಿದ. ‘ಏಯ್ ಮೂರನೇದು, ಮನೇಲಿ ಗಂಡನ ಜೊತೆ ಜಗಳ ಆಡಿದ ಸಿಟ್ಟು ಸೀಸೆ ಮೇಲೆ ತೀರಿಸ್ತೀಯಾ’ ಅಂದ. ಗಂಡ ಸತ್ತು ಹನ್ನೊಂದು ವರ್ಷ ಆಯ್ತು ಅಂತ ಹೇಳಕ್ಕೂ ಬಾಯಿ ಬರಲಿಲ್ಲ. ಮಾರನೇ ದಿನ ಅವೇ ಸೀಸೆ ಬಿಳಿ ಟ್ರೇನಲ್ಲಿ ಬಂದ್ವು. ಹೊಸಾವು ಅನ್ನೋ ಹಂಗೆ.”

“ಅವೇ ಅಂತ ಹೆಂಗೆ ಗೊತ್ತಾಯ್ತು?”

“ನನಗೂ ಮೊದಲು ಅನುಮಾನ. ನನ್ನ ತಲೆ ಕೆಟ್ಟಿದೆ ಅಂದ್ಕೊಂಡೆ. ಆಮೇಲೆ ಗುರುತಿನ ಚೀಟಿಯ ಪಿನ್ನಿಂದ ಬಿಲ್ಲೆ ಮೇಲೆ ಒಂದು ಗೀಟು ಎಳೆಯಕ್ಕೆ ಶುರು ಮಾಡಿದೆ. ಕೆಂಪಿಗೆ ಹಾಕಿದ ಪ್ರತಿಯೊಂದಕ್ಕೂ. ಮತ್ತೆ ಬಂದ್ರೆ ಮತ್ತೆ ಹಾಕಿ ಇನ್ನೊಂದು ಗೀಟು.”

ಒಂದು ಸಲ ತೆಗೆದುಹಾಕಿದ್ದನ್ನು ಇನ್ನೊಂದು ಸಲ ಮಾತ್ರ ನೋಡಬಹುದು, ಅದೂ ದಾಖಲೆಯಾಗಬೇಕು ಎಂದು ನಿಯಮ. ನಾನು ಎದ್ದು ಕೋಟಿನ ಜೇಬಿನಿಂದ ಬಿಲ್ಲೆ ತಂದು ಅವಳ ಅಂಗೈಯಲ್ಲಿಟ್ಟೆ. ಅವಳು ನೋಡಲಿಲ್ಲ. ಹೆಬ್ಬೆರಳಿನಿಂದ ಸವರಿದಳು.

“ಎರಡು ಗೀಟು. ಎರಡು ಸಲ ಬೇಡ ಅಂದಿದ್ದೀನಿ ಇದನ್ನ. ಮೂರನೇ ಸಲ ನನ್ನ ಮೇಜಿಗೆ ಬರಲೇ ಇಲ್ಲ. ಬೇರೆ ಯಾರ ಕೈಯಲ್ಲೋ ಪಾಸಾಗಿ ನನ್ನ ಹೆಸರಲ್ಲಿ ಹೋಗಿದೆ.” ಬಿಲ್ಲೆಯನ್ನು ನನ್ನ ಕೈಗೆ ವಾಪಸ್ ಕೊಟ್ಟಳು. “ನೀನೇನು ಬರೆದೆ ಆ ನರ್ಸಿಗೆ?”

“ಭ್ರಮೆ ಅಂತ.”

ಅವಳು ಬೈದಿದ್ದರೆ ಚೆನ್ನಾಗಿತ್ತು. ಬಟ್ಟೆಯನ್ನು ಮಗ್ಗುಲು ಬದಲಿಸಿ ಮತ್ತೆ ಕಣ್ಣ ಮೇಲೆ ಇಟ್ಟುಕೊಂಡಳು.

“ಫೇಲಾಗು ಅಂತಿದ್ದಾರೆ, ಅಲ್ವಾ. ಕುರುಡಿ ಅಂತ ಒಪ್ಕೋಬೇಕು. ನೋಡಿದ್ದು ನಾನೊಬ್ಬಳೇ, ಕಾಣಲ್ಲ ಅಂತ ಹೇಳಬೇಕಾದೋಳೂ ನಾನೊಬ್ಬಳೇ.”

“ಪಾಸಾಗು ಚಿಕ್ಕಮ್ಮ. ಹತ್ತಕ್ಕೆ ಹತ್ತು ತೆಗಿ.”

“ಪಾಸಾದ್ರೂ ಅವರಿಗೇ ಲಾಭ ಕಣೇ. ಆರೂ ಜನ ಪಾಸು, ಸೀಸೆ ಎಲ್ಲಾ ಚೆನ್ನಾಗಿದೆ, ನರ್ಸಿಗೇ ಕಣ್ಣು ಕಾಣಲ್ಲ ಅಂತಾರೆ.” ಆಮೇಲೆ ಏನೋ ಹೇಳಲು ಹೊರಟು ನಿಲ್ಲಿಸಿದಳು. “ಆ ಪೆಟ್ಟಿಗೆ ನೀನೇ ಮಾಡೋದಲ್ವಾ?”

“ಹೌದು. ಯಾಕೆ?”

“ಏನಿಲ್ಲ. ಟೀ ಕೊಡು.”

ಮಾರನೇ ದಿನ ಮಧ್ಯಾಹ್ನ ನಾನು ಊಟದ ಕೋಣೆಗೆ ಹೋದಾಗ ಆರು ಜನರೂ ಒಂದೇ ಬೆಂಚಿನಲ್ಲಿ ಕೂತಿದ್ದರು. ನನ್ನನ್ನು ಕಂಡು ಮಾತು ನಿಂತಿತು. ನಾಲ್ಕನೇ ಮೇಜಿನವಳು ಮಾತ್ರ ನಿಲ್ಲಿಸಲಿಲ್ಲ. ಅವಳನ್ನು ಚಿನಕುರಳಿ ಎಂದು ಕರೆಯುತ್ತಿದ್ದರು. ಎರಡು ಮಕ್ಕಳ ತಾಯಿ, ಬಾಯಿ ಮಾತ್ರ ಹದಿನಾರರದ್ದು.

“ಬಾರಮ್ಮಾ ಕೋಟು. ನಿಮ್ಮ ಚಿಕ್ಕಮ್ಮ ನಮ್ಮನ್ನೆಲ್ಲ ಬೀದಿಗೆ ತರೋ ಹಂಗಿದೆ. ಬುದ್ಧಿ ಹೇಳು.”

“ನಾನೇನೂ ಹೇಳ್ಲಿಲ್ಲ ಇನ್ನೂ,” ಎಂದಳು ಚಿಕ್ಕಮ್ಮ.

“ಹೇಳೋದೇನು, ಮುಖದಲ್ಲೇ ಬರ್ಕೊಂಡಿದೆ. ಅಕ್ಕಾ, ನಿನಗೆ ಒಂದು ಹುಡುಗಿ, ಅವಳು ದುಡೀತಾಳೆ. ನನ್ನವು ಎರಡು ಮರಿ. ಹೊಟ್ಟೆ ಮೇಲೆ ಹೊಡೀಬೇಡ.”

“ಹೊಡೆಯಲ್ಲ. ಕೇಳ್ತಿದೀನಿ ಅಷ್ಟೇ. ಹುರುಪೆ ನಿನ್ನ ಕಣ್ಣಿಗೆ ಬಿದ್ದಿಲ್ವಾ?”

ಚಿನಕುರಳಿ ತುತ್ತನ್ನು ಕೈಯಲ್ಲೇ ಹಿಡಿದುಕೊಂಡಳು. “ಬಿತ್ತು.”

“ಏನು ಮಾಡಿದೆ?”

“ಬಿಳಿ ಟ್ರೇಗೆ ಹಾಕ್ದೆ. ಅವನು ಬೆನ್ನ ಹಿಂದೆ ನಿಂತಿದ್ದ.” ತುತ್ತನ್ನು ಡಬ್ಬಿಗೆ ವಾಪಸ್ ಹಾಕಿದಳು. “ನಿನ್ನ ಗೀಟಿನ ಸೀಸೆನೂ ಬಂದಿದ್ವು ನನಗೆ. ಅಕ್ಕ ಬೇಡ ಅಂದಿದ್ದಾಳೆ ಅಂತ ಗೊತ್ತಿತ್ತು. ಆದ್ರೂ ಹಾಕ್ದೆ. ಸಾಕಾ? ಇನ್ನೇನು ಕೇಳ್ತೀಯ?”

ಚಿಕ್ಕಮ್ಮ ತನ್ನ ಡಬ್ಬಿಯಿಂದ ಅರ್ಧ ಅವಳ ಡಬ್ಬಿಗೆ ಹಾಕಿ ಎದ್ದು ಹೋದಳು.

ಪರೀಕ್ಷೆಯ ದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಲಾಖೆಯ ಅಧಿಕಾರಿ, ದೊಡ್ಡ ಸಾರ್, ಗಡಿಯಾರ, ಪೆಟ್ಟಿಗೆ ಹಿಡಿದ ನಾನು. ಅಧಿಕಾರಿ ಸಭ್ಯ ಮನುಷ್ಯ. ಒಳಗೆ ಬರುವಾಗ ಹೆಂಗಸರಿಗೆ ನಮಸ್ಕಾರ ಮಾಡಿದ. ಎದೆಯ ಮೇಲಿನ ಜೇಬಿನಲ್ಲಿ ಮೂರು ಪೆನ್ನು.

ಒಂದನೇ ಮೇಜು. ಹತ್ತಕ್ಕೆ ಹತ್ತು. ಎರಡನೇ ಮೇಜು. ಹತ್ತಕ್ಕೆ ಹತ್ತು. ಪ್ರತಿ ಸಲವೂ ನಾನು ಕೆಂಪು ಟ್ರೇಯ ಸೀಸೆಗಳನ್ನು ಮಗುಚಿ ತಳಕ್ಕೆ ನೀಲಿ ದೀಪ ಹಿಡಿದು ಸಂಖ್ಯೆ ಓದುತ್ತಿದ್ದೆ. ಅಧಿಕಾರಿ ಬರೆದುಕೊಳ್ಳುತ್ತಿದ್ದ. ದೊಡ್ಡ ಸಾರ್ ನನ್ನನ್ನೇ ನೋಡುತ್ತಿದ್ದರು.

ಮೂರನೇ ಮೇಜು. ನೂರು ಸೀಸೆ ಕಲಸಿ ಚಿಕ್ಕಮ್ಮನ ಮುಂದೆ ಇಟ್ಟೆ. ಅವಳು ಕೈ ಚಾಚಿ ನೆತ್ತಿಯ ಮೇಲಿನ ಟ್ಯೂಬ್‌ಲೈಟನ್ನು ಆರಿಸಿದಳು.

“ಏಯ್, ಲೈಟ್ ಹಾಕು,” ಎಂದ ಗಡಿಯಾರ.

ಅವಳು ಕಣ್ಣು ಮುಚ್ಚಿಕೊಂಡಳು. ಸೀಸೆಗಳನ್ನು ಒಂದೊಂದಾಗಿ ತೆಗೆದುಕೊಂಡಳು. ಮುಚ್ಚಳದ ಕೆಳ ಅಂಚಿನ ಸುತ್ತ ಹೆಬ್ಬೆರಳು ಒಂದು ಸುತ್ತು ಬಂತು. ಬಲಕ್ಕೆ ಇಟ್ಟಳು. ಇನ್ನೊಂದು. ಬಲಕ್ಕೆ. ಇನ್ನೊಂದು. ಬಲಕ್ಕೆ. ಹನ್ನೊಂದನೆಯದರಲ್ಲಿ ಹೆಬ್ಬೆರಳು ನಿಂತಿತು. ಎಡಕ್ಕೆ.

“ಇದೇನಮ್ಮಾ ಮಾಡ್ತಿದ್ದೀರಿ?” ಎಂದ ಅಧಿಕಾರಿ.

“ಪರೀಕ್ಷೆ ಸಾರ್.”

“ಎದ್ದೇಳೇ ನೀನು!” ಗಡಿಯಾರ ಅವಳ ತೋಳು ಹಿಡಿದು ಎಳೆದ. ಕುರ್ಚಿ ಹಿಂದೆ ಜಾರಿತು.

ಅವಳು ಕಣ್ಣು ತೆರೆಯಲಿಲ್ಲ. “ಕೈ ತೆಗೀರಿ. ಒಂಬತ್ತು ವರ್ಷ ಏಯ್, ಏನೇ, ಮೂರನೇದು ಅಂದ್ರಿ. ಇವತ್ತಿಂದ ಬೇಡ. ಬಹುವಚನ ಬರದಿದ್ರೆ ಬಾಯಿ ಮುಚ್ಕೊಂಡಿರಿ.”

ಅವನ ಕೈ ತಾನಾಗಿ ಬಿಟ್ಟಿತು. ಅಧಿಕಾರಿ ನೋಡುತ್ತಿದ್ದ, ಅದಕ್ಕೆ.

ಐದು ನಿಮಿಷ. ಸೀಸೆ ಸೀಸೆಗೆ ತಗಲುವ ಸದ್ದು. ನೂರೂ ಮುಗಿದವು. ಎಡಗಡೆಯ ಕೆಂಪು ಟ್ರೇಯಲ್ಲಿ ಹತ್ತು. ನಾನು ಒಂದೊಂದನ್ನೇ ಮಗುಚಿ ನೀಲಿ ದೀಪ ಹಿಡಿದೆ. ಹತ್ತಕ್ಕೆ ಹತ್ತು.

ಅಷ್ಟರಲ್ಲಿ ನನಗೆ ಅರ್ಥವಾಗಿತ್ತು. ಯಂತ್ರ ಬಿಗಿದ ಮುಚ್ಚಳದ ಅಂಚು ನುಣ್ಣಗಿರುತ್ತದೆ. ನಾನು ಇಕ್ಕಳದಲ್ಲಿ ಬಿಗಿದದ್ದರ ಅಂಚು ಒರಟು. ಐದು ವರ್ಷ ನಾನು ಆ ಸೀಸೆಗಳ ತಳವನ್ನೇ ನೋಡಿದ್ದೆ. ಅಂಚು ಮುಟ್ಟಿ ನೋಡಿರಲಿಲ್ಲ. ಬರಿಗೈಯಲ್ಲಿ ದಿನಕ್ಕೆ ಐದು ಸಾವಿರ ಸೀಸೆ ಹಿಡಿಯುವವರಿಗೆ ಇದು ತಿಳಿಯುತ್ತದೆ ಎಂಬುದು ನನ್ನ ಓದಿನಲ್ಲಿ ಎಲ್ಲೂ ಇರಲಿಲ್ಲ.

ಚಿಕ್ಕಮ್ಮ ಕಣ್ಣು ತೆರೆದಳು.

“ಈ ಪರೀಕ್ಷೆ ಪಾಸಾಗಕ್ಕೆ ಕಣ್ಣು ಬೇಡ ಸಾರ್. ನಾವೆಲ್ಲ ಹೀಗೇ ಪಾಸಾಗಿದ್ದು. ಮೊದಲು ಕಂಡುಹಿಡಿದೋಳು ನಾನು. ಬಾಣಂತನ ಮುಗಿಸಿ ಬಂದ ಒಬ್ಬಳಿಗೆ ಕಣ್ಣು ಮಂಜಾಗ್ತಿತ್ತು, ಫೇಲಾದ್ರೆ ಕೆಲಸ ಹೋಗುತ್ತೆ ಅಂತ ಅವಳಿಗೆ ಹೇಳ್ಕೊಟ್ಟೆ. ಆಮೇಲೆ ಎಲ್ಲರಿಗೂ. ತಪ್ಪು ನನ್ನದು. ನನ್ನ ಕಣ್ಣು ಹೋಗಿದೆ ಅಂತ ಬೇಕಾದ್ರೆ ಬರ್ಕೊಳ್ಳಿ. ಆದ್ರೆ ಮಿಕ್ಕೋರು ಪಾಸು, ಅವರು ನೋಡಿದ ಸೀಸೆ ಎಲ್ಲಾ ಚೆನ್ನಾಗಿದೆ ಅಂತ ಬರ್ಕೋಬೇಡಿ. ಯಾರೂ ಚೆನ್ನಾಗಿ ನೋಡಿಲ್ಲ. ನೋಡಕ್ಕೆ ಬಿಟ್ಟಿಲ್ಲ. ಎಂಟು ತಿಂಗಳಿಂದ ಸೀಸೆಯ ಗಾಜೇ ಎದ್ದು ಬರ್ತಿದೆ.”

“ಹುಚ್ಚು ಹಿಡಿದಿದೆ ಈಯಮ್ಮನಿಗೆ,” ಎಂದರು ದೊಡ್ಡ ಸಾರ್. “ಇವರೊಬ್ಬರ ಕಳ್ಳಾಟಕ್ಕೆ ಎಲ್ಲರನ್ನೂ ಎಳೀತಿದ್ದಾರೆ. ಮುಂದಿನವರು ಬನ್ನಿ. ಕಣ್ಣು ಬಿಟ್ಕೊಂಡು ಮಾಡಿ ತೋರಿಸಿ.”

ಮುಂದಿನವಳು ಚಿನಕುರಳಿ. ಬಂದು ಕೂತಳು. ಚಿಕ್ಕಮ್ಮನ ಮುಖ ನೋಡಲಿಲ್ಲ. ಮೂಗಿನ ಮೇಲಿದ್ದ ಮಾಸ್ಕನ್ನು ಎತ್ತಿ ಕಣ್ಣಿಗೆ ಕಟ್ಟಿಕೊಂಡಳು.

“ಕೆಳಗಿಂದ ಕದ್ದು ನೋಡ್ತೀನಿ ಅಂತೀರೇನೋ ಸಾರ್. ಬೇಕಾದ್ರೆ ನಿಮ್ಮ ಕರ್ಚೀಫೂ ಕಟ್ಟಿ.”

ಅವಳ ಬೆರಳು ಚಿಕ್ಕಮ್ಮನದಕ್ಕಿಂತ ನಿಧಾನ. ಕೆಂಪು ಟ್ರೇಯಲ್ಲಿ ಒಂಬತ್ತು.

“ಒಂದು ತಪ್ಪಿಸಿಕೊಂಡಿತಾ? ನಾನು ಕುರುಡುತನದಲ್ಲೂ ಸ್ವಲ್ಪ ದಡ್ಡಿ,” ಎಂದಳು. ಮಾಸ್ಕ್ ಬಿಚ್ಚಿದಾಗ ಅದು ಒದ್ದೆಯಾಗಿತ್ತು. “ಬಾಣಂತನ ಮುಗಿಸಿ ಬಂದೋಳು ನಾನೇ ಸಾರ್. ಬರ್ಕೊಳ್ಳಿ.”

ಐದನೆಯವಳು, ಆರನೆಯವಳು ಮೇಜಿಗೆ ಬರಲೇ ಇಲ್ಲ. ಗೋಡೆಗೆ ಒತ್ತಿ ನಿಂತು ತಲೆ ಅಲ್ಲಾಡಿಸಿದರು. ಒಂದನೆಯವಳು ಟೋಪಿ ಕಳಚಿದಳು.

ನಾನು ಜೇಬಿನಿಂದ ನೀಲಿ ಬಿಲ್ಲೆ ತೆಗೆದು ಅಧಿಕಾರಿಯ ಮುಂದೆ ಇಟ್ಟೆ. ದೂರು ಬಂದ ಸೀಸೆಯದು ಎಂದೆ. ಎರಡು ಸಲ ಬೇಡವೆಂದು ತೆಗೆದುಹಾಕಿದ ಗುರುತು ಎಂದೆ. ಒಳಗೆ ಇನ್ನೂರಕ್ಕಿಂತ ಹೆಚ್ಚು ಗಾಜಿನ ಸಿಪ್ಪೆ ಎಣಿಸಿದ್ದೇನೆ, ಒಂದೆರಡು ಎಂದು ಬರೆದದ್ದು ಸುಳ್ಳು ಎಂದೆ. ಮುಂದೆ ಬೇಕಾದರೆ ಪರೀಕ್ಷಿಸಲೆಂದು ಪ್ರತಿ ಬ್ಯಾಚಿನಿಂದಲೂ ಅರವತ್ತು ಸೀಸೆ ನಮ್ಮ ಬೀರುವಿನಲ್ಲಿ ತೆಗೆದಿಟ್ಟಿರುತ್ತಾರೆ, ಬೀಗದ ಕೈ ನನ್ನ ಹತ್ತಿರವೇ ಇದೆ, ಬನ್ನಿ, ಈಗಲೇ ಕಪ್ಪಿನ ಮುಂದೆ ಹಿಡಿದು ತೋರಿಸುತ್ತೇನೆ ಎಂದೆ.

ಅಧಿಕಾರಿ ಬಿಲ್ಲೆಯನ್ನು ಮಗುಚಿ ನೋಡಿದ. “ಇದರ ಮೇಲೆ ಬ್ಯಾಚ್ ನಂಬರ್ ಇಲ್ಲವಲ್ಲಮ್ಮ.”

“ಬಿಲ್ಲೆ ಮೇಲೆ ಇರಲ್ಲ ಸಾರ್. ಬೀರು ತೆಗೆದರೆ...”

“ಇವತ್ತು ನನಗಿರೋ ಆದೇಶ ಪರೀಕ್ಷೆ ನೋಡೋದು ಮಾತ್ರ. ಸ್ಯಾಂಪಲ್ ತಗೋಬೇಕಂದ್ರೆ ಬೇರೆ ಆದೇಶ ಬೇಕು. ಬರೀತೀನಿ. ಖಂಡಿತ ಬರೀತೀನಿ.” ಬಿಲ್ಲೆಯನ್ನು ನನ್ನ ಕಡೆಗೇ ತಳ್ಳಿದ. ಅವನ ದನಿಯಲ್ಲಿ ನಿಜವಾದ ವಿಷಾದವಿತ್ತು. ಅದರಿಂದ ಯಾರಿಗೂ ಏನೂ ಆಗಲಿಲ್ಲ.

“ಬೀಗದ ಕೈ ಕೊಡಮ್ಮ,” ಎಂದರು ದೊಡ್ಡ ಸಾರ್.

ಕೊಡಲಿಲ್ಲ. ಗಡಿಯಾರ ನನ್ನ ಕೋಟಿನ ಜೇಬಿಗೆ ಕೈ ಹಾಕಿ ತೆಗೆದುಕೊಂಡ.

ಬೇರೆ ಆದೇಶ ಬರಲು ಇಪ್ಪತ್ತಾರು ದಿನ ಬೇಕಾಯಿತು. ಬೀರುವಿನಲ್ಲಿ ಅರವತ್ತು ಸೀಸೆ ಇದ್ದವಂತೆ. ಒಂದರಲ್ಲೂ ಏನೂ ಇರಲಿಲ್ಲವಂತೆ. ತಿಳಿನೀರಿನ ಹಾಗೆ ಇದ್ದವಂತೆ.

ತನಿಖೆಯ ವರದಿ ನಾಲ್ಕು ಪುಟ. ಸಹಿಗಾಗಿ ನನ್ನ ಮುಂದೆ ಇಟ್ಟರು. ಮೂಲ ಕಾರಣ ಎಂಬ ಚೌಕದಲ್ಲಿ ಹೀಗಿತ್ತು: ಪರೀಕ್ಷಾ ಪೆಟ್ಟಿಗೆ ತಯಾರಿಕೆಯಲ್ಲಿ ಕೆಮಿಸ್ಟ್ ಎಸಗಿದ ಮಾನವ ದೋಷ, ಅದನ್ನು ದುರುಪಯೋಗಪಡಿಸಿಕೊಂಡ ಆರು ಕೆಲಸಗಾರರ ವಂಚನೆ. ಕೈಗೊಂಡ ಕ್ರಮ: ಆರು ಜನರನ್ನೂ ಕೆಲಸದಿಂದ ತೆಗೆಯಲಾಗಿದೆ, ಹೊಸ ಪೆಟ್ಟಿಗೆ ತಯಾರಿಸಲಾಗಿದೆ, ಸದರಿ ಬ್ಯಾಚನ್ನು ಮುನ್ನೆಚ್ಚರಿಕೆಯಾಗಿ ಹಿಂಪಡೆ­ಯಲಾಗಿದೆ. ಅದೇ ಗಾಜಿನಲ್ಲಿ ತುಂಬಿದ ಇನ್ನೂ ಹನ್ನೊಂದು ಬ್ಯಾಚು ಹೊರಗೆ ಇದ್ದವು. ನಾಲ್ಕು ಪುಟದಲ್ಲಿ ಗಾಜು ಎಂಬ ಪದವೇ ಇರಲಿಲ್ಲ. ನಾನು ಹುಡುಕಿದೆ. ಎರಡು ಸಲ ಹುಡುಕಿದೆ.

“ಪೆಟ್ಟಿಗೆ ತಪ್ಪು ನನ್ನದು ಸಾರ್. ಅಷ್ಟು ಬೇಕಾದ್ರೆ ಬೇರೆ ಹಾಳೇಲಿ ಬರೆದುಕೊಡ್ತೀನಿ. ಇದಕ್ಕೆ ಸಹಿ ಮಾಡಲ್ಲ.”

“ನಿನ್ನ ಫೈಲು ಇನ್ನೂ ಇಲ್ಲೇ ಇದೆ.”

“ಇರಲಿ ಬಿಡಿ. ಖಾನೆ ಖಾಲಿ ಕಾಣಬಾರದು.”

ಕೋಟು ಕಳಚಿ ಅವರ ಮೇಜಿನ ಮೇಲೆ ಇಟ್ಟು ಬಂದೆ. ಗೇಟಿನಲ್ಲಿ ಕಾವಲುಗಾರ ಚೀಲ ಬಿಚ್ಚಿಸಿ, ಊಟದ ಡಬ್ಬಿ ತೆರೆಸಿ ನೋಡಿದ. ಬಿಲ್ಲೆ ನನ್ನ ಮುಷ್ಟಿಯಲ್ಲಿತ್ತು. ಮುಷ್ಟಿ ಬಿಚ್ಚು ಎನ್ನುವುದು ಅವನಿಗೆ ಹೊಳೆಯಲಿಲ್ಲ.

ಮನೆಗೆ ಬಂದಾಗ ಚಿಕ್ಕಮ್ಮ ಬಾಗಿಲ ಬೆಳಕಿನಲ್ಲಿ ನಿಂತು ನೀರಿನ ಲೋಟವನ್ನು ಕಣ್ಣೆದುರು ಹಿಡಿದು ಮೆಲ್ಲಗೆ ತಿರುಗಿಸುತ್ತಿದ್ದಳು. ಕೆಲಸ ಹೋಗಿ ತಿಂಗಳಾದರೂ ಕೈಗೆ ಅದು ಗೊತ್ತಾಗಿರಲಿಲ್ಲ. ನೋಡಿ, ಕುಡಿದಳು. ಈಗ ಬೇಕಾದಾಗ ಕುಡಿಯುತ್ತಾಳೆ.

“ಬಂದೆಯಾ?”

“ಬಂದೆ. ಇನ್ನು ಹೋಗಲ್ಲ.”

ಅವಳು ತಲೆಯಾಡಿಸಿದಳು. ಒಳಗೆ ಹೋಗಿ ಬರೆಯುವ ಹಾಳೆ, ಪೆನ್ನು ತಂದು ನನ್ನ ಮುಂದೆ ಹಾಕಿದಳು.

“ಮುಂಚೇನೇ ಹೇಳಬಹುದಿತ್ತಲ್ಲ ಚಿಕ್ಕಮ್ಮ,” ಎಂದೆ. “ಅಂಚಿನ ವಿಷಯ. ನನಗಾದರೂ.”

“ನಿನಗೆ ಹೇಳಿದ್ರೆ ನೀನು ಸರಿ ಮಾಡ್ತಿದ್ದೆ. ಮಾರನೇ ವರ್ಷ ನಮ್ಮಲ್ಲಿ ಮೂರು ಜನ ಫೇಲಾಗಿ ಮನೇಲಿರ್ತಿದ್ರು.” ಅದರಲ್ಲಿ ಕೋಪವಿರಲಿಲ್ಲ. “ನೀನು ಕೆಟ್ಟವಳಲ್ಲ. ಮೇಜಿನ ಆ ಕಡೆ ಇದ್ದೆ, ಅಷ್ಟೇ. ಬರಿ ಈಗ. ಆ ನರ್ಸಿಗೆ.”

“ಕಂಪನಿ ಕಡೆಯಿಂದ ಆಗಲೇ ಉತ್ತರ ಹೋಗಿದೆಯಲ್ಲ.”

“ಅದು ಅವರ ಉತ್ತರ. ಅವಳು ಕೇಳಿದ್ದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಬರಿ.”

ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಈ ಸಲ ಒಂದು ವಾಕ್ಯವನ್ನೂ ತಿದ್ದಲಿಲ್ಲ.

‘ನರ್ಸಮ್ಮನಿಗೆ ನಮಸ್ಕಾರ. ನಾನು ಆ ಸೀಸೆ ನೋಡುವ ಕೆಲಸದಲ್ಲಿದ್ದವಳು. ಈಗ ಇಲ್ಲ. ನಿಮ್ಮ ಕಣ್ಣು ಸರಿಯಾಗಿದೆ. ನೀವು ನೋಡಿದ್ದು ಗಾಜು. ನೀವು ಕೊಟ್ಟದ್ದು ಗಾಜು, ಆದರೆ ಕೊಟ್ಟವರು ನೀವಲ್ಲ. ಮಗುವಿನ ಕೈ ಹೇಗಿದೆ ಎಂದು ಬರೆದು ತಿಳಿಸಿ. ಕೆಟ್ಟದ್ದಿದ್ದರೂ ಬರೆಯಿರಿ. ಆ ಬ್ಯಾಚು ವಾಪಸ್ ಹೋಗಿರಬಹುದು, ಆದರೆ ಕಳೆದ ಎಂಟು ತಿಂಗಳ ಉಳಿದ ಪೆಟ್ಟಿಗೆಗಳು ನಿಮ್ಮ ಕಪಾಟಿನಲ್ಲಿ ಇರುತ್ತವೆ. ಮೊದಲು ತಲೆಕೆಳಗು ಮಾಡಿ. ಮೆಲ್ಲಗೆ ತಿರುಗಿಸಿ, ಜೋರಾಗಿ ಅಲ್ಲಾಡಿಸಿದರೆ ಗುಳ್ಳೆ ಬಂದು ಮೋಸ ಹೋಗುತ್ತೀರಿ. ಕಪ್ಪು ಬಟ್ಟೆಯ ಮುಂದೆ ಹಿಡಿದು ಐದು ಎಣಿಸಿ. ಈ ಕಾಗದದ ಜೊತೆ ಇಟ್ಟಿರುವ ನೀಲಿ ಬಿಲ್ಲೆ ನೋಡಿ, ಅಂಚಿನಲ್ಲಿ ಗೀಟು ಇದೆ. ನಿಮ್ಮ ಪೆಟ್ಟಿಗೆಯಲ್ಲೂ ಕೆಲವಕ್ಕೆ ಇರಬಹುದು. ಗೀಟು ಇದ್ದರೆ ನಾನು ನೋಡಿ ಬೇಡ ಅಂದದ್ದು. ಗೀಟು ಇಲ್ಲದಿದ್ದರೆ ಅದನ್ನು ಯಾರೂ ನೋಡಿಲ್ಲ.’